ಉಸಿರಾಟವೇ ದುಡಿಮೆಯಾದಾಗ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಲ್ಪಟ್ಟವು. ಅವುಗಳ ಧೂಳು ಮಾತ್ರ ದುಡಿದವರ ಎದೆಯಲ್ಲಿ ಉಳಿಯಿತು. ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಸೂಕ್ಷ್ಮವಾದ ಸಿಲಿಕಾ ಧೂಳು ಶ್ವಾಸಕೋಶವನ್ನು ಸೇರಿ, ಅಲ್ಲಿ ಗಂಟುಗಳನ್ನುಂಟುಮಾಡಿ, ಅದನ್ನು ಬಿಗಿಯಾಗಿಸುತ್ತದೆ. ಇದೇ ಸಿಲಿಕೋಸಿಸ್. 1947ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಪರೀಕ್ಷೆಗೊಳಗಾದ ಇಲ್ಲಿನ ಗಣಿಗಾರರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗವನ್ನು ಗುರುತಿಸಿತು.

ಎಕ್ಸ್-ರೇ ಚಿತ್ರದಲ್ಲಿ ಕಲೆ ಕಾಣುತ್ತದೆ, ದಣಿವು ಕಾಣದು. ಬಂಗಾರಪೇಟೆಯ ರೈಲು ನಿಲ್ದಾಣದ ಮೆಟ್ಟಿಲೇರುವ ವೃದ್ಧ ಗಣಿಗಾರರೊಬ್ಬರು ನಾಲ್ಕು ಹೆಜ್ಜೆಗೊಮ್ಮೆ ನಿಂತರೆ, ಬೆಂಗಳೂರಿನ ಗಾಡಿಗೆ ಧಾವಿಸುವವರು ಅದನ್ನು ಮುಪ್ಪೆಂದು ಎಣಿಸುತ್ತಾರೆ. ಮನೆಯವರು ಕೆಲವೊಮ್ಮೆ ಸೋಮಾರಿತನವೆನ್ನುತ್ತಾರೆ. ನೆಲದಾಳಕ್ಕಿಳಿದು ಬಂಡೆಯೊಡೆದವರಿಗೆ ಇಂದು ಸ್ನಾನವೇ ಒಂದು ಪಾಳಿಯ ದುಡಿಮೆ. ಬಿಗಿದ ಶ್ವಾಸಕೋಶವನ್ನು ಅರಳಿಸುವುದಕ್ಕೇ ಶಕ್ತಿಯೆಲ್ಲ ವ್ಯಯವಾಗುವುದರಿಂದ, ರಾತ್ರಿಯ ನಿದ್ರೆಯೂ ಈ ದಣಿವನ್ನು ಕಳೆಯಲಾರದು.

ಹಾಗೆಂದು ಅವರನ್ನು ಮೂಲೆಯಲ್ಲಿ ಕೂರಿಸುವುದೂ ಹಿತವಲ್ಲ. ನಡೆಯದ ಕಾಲು ಮತ್ತಷ್ಟು ಸೋಲುತ್ತದೆ. ವೈದ್ಯರ ಸಲಹೆಯಂತೆ ದಿನವೂ ಅಲ್ಪ ನಡಿಗೆ, ಕೆಲಸಗಳ ನಡುವೆ ವಿಶ್ರಾಂತಿ, ಕುಳಿತು ಮಾಡುವ ಸ್ನಾನ, ಇವೆಲ್ಲ ಇರುವ ಉಸಿರನ್ನು ಜೋಪಾನವಾಗಿ ಬಳಸುವ ದಾರಿಗಳು. ಜೊತೆಯಲ್ಲಿ ನಡೆಯುವ ಮೊಮ್ಮಗನು ತನ್ನ ವೇಗವನ್ನು ತಾತನ ಉಸಿರಿಗೆ ಹೊಂದಿಸಿಕೊಂಡರೆ, ಅದೂ ಒಂದು ಶುಶ್ರೂಷೆಯೇ.