ರೈಲಿನಲ್ಲಿ ಪಂಚಾಂಗ ಶ್ರವಣ

ಯುಗಾದಿಯ ದಿನ ಬೇವುಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಪುರೋಹಿತರ ಮುಂದೆ ಕುಳಿತು, ಬರುವ ವರ್ಷದ ಮಳೆಬೆಳೆಗಳನ್ನೂ ತಮ್ಮ ತಮ್ಮ ರಾಶಿಯ ಆದಾಯವ್ಯಯಗಳನ್ನೂ ಕೇಳುವ ಪದ್ಧತಿ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಂದದ್ದು. ಹೇಳಿದ ಮಳೆ ಬಾರದೆ ಹೋದರೂ ಮರುವರ್ಷ ಅದೇ ಜನರು ಅದೇ ಭಕ್ತಿಯಿಂದ ಅಲ್ಲಿಯೇ ಕುಳಿತಿರುವರು. ಇದನ್ನು ಕಂಡು ನಗುವವರುಂಟು. ನಾವು ಮಾತ್ರ ನಗಲಾರೆವು. ಏಕೆಂದರೆ ಅಂತಹುದೇ ಒಂದು ಶ್ರವಣಕ್ಕೆ ನಾವೂ ಹದಿನೆಂಟು ವರ್ಷ ತಪ್ಪದೆ ಕುಳಿತವರು. ಅದು ನಡೆಯುವುದು ದೇವಸ್ಥಾನದ ಜಗಲಿಯಲ್ಲಿ ಅಲ್ಲ. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ. ಅಲ್ಲಿ ಓದುವ ಪಂಚಾಂಗ ರಾಯಲ್ ಚಾಲೆಂಜರ್ಸ್ ಬೆಂಗಳೂರು ಎಂಬ ಕ್ರಿಕೆಟ್ ತಂಡದ್ದು.

ಈ ರೈಲಿನ ವಿಷಯವನ್ನು ವಾಚಕರಿಗೆ ಸ್ವಲ್ಪ ತಿಳಿಸಬೇಕು. ಚಿನ್ನದ ಗಣಿಯ ಮಾರಿಕುಪ್ಪಮಿನಲ್ಲಿ ಹೊರಟು, ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂಬ ಸಣ್ಣ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು ಅದು ನಮ್ಮೂರಿಗೆ ಬರುವ ಹೊತ್ತಿಗೆ ಕುಳಿತುಕೊಳ್ಳಲು ಸ್ಥಳ ಸಿಕ್ಕುವುದೇ ಪುಣ್ಯ. ಒಂದು ಕಾಲಕ್ಕೆ ಈ ಜನರ ತಂದೆ ತಾತಂದಿರು ಮೂರು ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಇಳಿದು ಚಿನ್ನದ ಕಲ್ಲನ್ನು ಒಡೆದವರು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಅಂದಿನಿಂದ ಗಣಿಗೆ ಇಳಿಯುವುದು ತಪ್ಪಿತು, ರೈಲು ಹತ್ತುವುದು ಬಂದಿತು. ಸುಮಾರು ಎಪ್ಪತ್ತು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ದುಡಿದು ರಾತ್ರಿ ಮನೆ ಸೇರುವ ಈ ಜನರಿಗೆ ಆ ನಗರದಲ್ಲಿ ತಮ್ಮದೆಂದು ಹೇಳಿಕೊಳ್ಳುವ ಆಸ್ತಿ ಯಾವುದೂ ಇಲ್ಲ. ಆದರೆ ನಗರದ ತಂಡ ತಮ್ಮದೆಂದು ಹೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲವಷ್ಟೆ! ೨೦೦೮ರಲ್ಲಿ ಐ.ಪಿ.ಎಲ್. ಪಂದ್ಯಗಳು ಆರಂಭವಾದಂದಿನಿಂದ ನಮ್ಮ ಡಬ್ಬಿಯವರು ಆ ತಂಡವನ್ನು ಮನೆಯ ಮಗುವಿನಂತೆ ಸಾಕಿಕೊಂಡು ಬಂದರು.

ನಮ್ಮ ಸಭೆಯ ಸದಸ್ಯರು ಐದು ಮಂದಿ. ಗಣಿಯಲ್ಲಿ ಹದಿನೈದು ವರ್ಷ ದುಡಿದು, ಈಗ ಬೆಂಗಳೂರಿನ ಒಂದು ವಸತಿಗೃಹದ ಬಾಗಿಲು ಕಾಯುವ ಹಿರಿಯರೊಬ್ಬರು. ಇವರನ್ನು ನಾವೆಲ್ಲ ಗಣಿಯಣ್ಣ ಎನ್ನುವೆವು. ಬಟ್ಟೆ ಅಂಗಡಿಯ ಲೆಕ್ಕ ಬರೆಯುವವರು ಒಬ್ಬರು. ಆಸ್ಪತ್ರೆಯಲ್ಲಿ ದಾದಿಯಾದ ಅಕ್ಕನವರು ಒಬ್ಬರು. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ. ಐದನೆಯವರು ನಾವು.

೨೦೨೪ರ ನವೆಂಬರಿನಲ್ಲಿ ಸೌದಿ ಅರೇಬಿಯದ ಜೆಡ್ಡಾ ನಗರದಲ್ಲಿ ಆಟಗಾರರ ಹರಾಜು ನಡೆಯಿತು. ಮರುದಿನದಿಂದಲೇ ನಮ್ಮ ಶ್ರವಣ ಮೊದಲಾಯಿತು. ಮುಖ್ಯವಾದ ಜಗಳ ನಮ್ಮ ಕನ್ನಡಿಗ ಕೆ.ಎಲ್. ರಾಹುಲರನ್ನು ಕುರಿತದ್ದು. ಅವರನ್ನು ಹದಿನಾಲ್ಕು ಕೋಟಿಗೆ ದಿಲ್ಲಿಯವರು ಕೊಂಡರು.

"ಮನೆಯ ಹುಡುಗನನ್ನು ಬಿಟ್ಟುಕೊಟ್ಟು ಯಾವ ಪುರುಷಾರ್ಥ?" ಎಂದು ಹುಡುಗ ಟೇಕಲ್ ನಿಲ್ದಾಣ ಬರುವ ಮೊದಲೇ ಕೂಗಾಡಿದನು.

ಲೆಕ್ಕದವರು ಕನ್ನಡಕವನ್ನು ಸರಿಪಡಿಸಿಕೊಂಡರು. "ಇರುವುದು ನೂರಿಪ್ಪತ್ತು ಕೋಟಿಯ ಗಂಟು. ಕೊಹ್ಲಿಯವರಿಗೆ ಇಪ್ಪತ್ತೊಂದು, ಪಾಟೀದಾರರಿಗೆ ಹನ್ನೊಂದು ಮೊದಲೇ ಹೋಯಿತು. ಇದುವರೆಗೆ ನಾವು ಬ್ಯಾಟು ಹಿಡಿಯುವವರಿಗೇ ಸುರಿದೆವು; ಚೆಂಡು ಎಸೆಯುವವರಿಲ್ಲದೆ ಇನ್ನೂರು ಹೊಡೆದೂ ಸೋತೆವು. ಈಗ ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಬಂದಿದ್ದಾರೆ. ಆದಾಯ ವ್ಯಯ ಈ ವರ್ಷವೇ ಸರಿಹೊಂದಿದೆ."

"ತಂಡವೆಂಬುದು ಬಟ್ಟೆಯ ಅಂಗಡಿಯೇ ಸ್ವಾಮಿ?" ಎಂದನು ಹುಡುಗ. ಆದರೆ ಮಾಲೂರು ಬರುವಷ್ಟರಲ್ಲಿ ಅವನೇ ಇನ್ನೊಂದು ಗಣಿತವನ್ನು ಹೂಡಿದನು. ಕೊಹ್ಲಿಯವರ ಅಂಗಿಯ ಸಂಖ್ಯೆ ೧೮, ಇದು ಹದಿನೆಂಟನೆಯ ವರ್ಷ. ಆದ್ದರಿಂದ ಈ ಸಲ ಕಪ್ ನಮ್ಮದೇ!

ಅಕ್ಕನವರು ನಕ್ಕರು. "ಕಪ್ಪನ್ನು ಹೆಣ್ಣುಮಕ್ಕಳು ೨೦೨೪ರ ಮಾರ್ಚಿಯಲ್ಲಿಯೇ ಮನೆಗೆ ತಂದದ್ದಾಯಿತು. ಸ್ಮೃತಿ ಮಂಧಾನ ಯಾವ ಜೋಯಿಸರನ್ನು ಕೇಳಿದಳಪ್ಪ?"

ಗಣಿಯಣ್ಣನವರು ಮಾತ್ರ ಭವಿಷ್ಯವನ್ನು ಎಂದೂ ಹೇಳಿದವರಲ್ಲ. ಬಲವಂತಪಡಿಸಿದರೆ, "ಮೇಲೆ ಬಂದ ಮೇಲೆ ಲೆಕ್ಕ" ಎನ್ನುವರು. ಅದರ ಅರ್ಥವನ್ನು ಒಮ್ಮೆ ಕೇಳಿದೆವು. ಗಣಿಯೊಳಗೆ ಬಂಡೆ ತಾನಾಗಿ ಸಿಡಿಯುವುದುಂಟಂತೆ. ಆದ್ದರಿಂದ ಬೆಳಗ್ಗೆ ಇಳಿಯುವಾಗ ಇಂದು ಇಷ್ಟು ಕೆಲಸವಾಯಿತೆಂದು ಯಾರೂ ಹೇಳರು. ಸಂಜೆ ಎಷ್ಟು ಮಂದಿ ಇಳಿದರೋ ಅಷ್ಟು ಮಂದಿಯೂ ಮೇಲೆ ಬಂದರೆಂದು ಎಣಿಸಿಯಾದ ಮೇಲೆಯೇ ಆ ದಿನದ ಕೆಲಸದ ಮಾತು. ಈ ವೇದಾಂತ ನಮಗೆ ಆಗ ಕ್ರಿಕೆಟ್ಟಿಗೆ ಹೊಂದುವುದಾಗಿ ತೋರಲಿಲ್ಲ.

ಆಶೆಯ ಜೊತೆಗೆ ಹಳೆಯ ಗಾಯಗಳ ಪಾರಾಯಣವೂ ನಡೆಯುತ್ತಿತ್ತು. ಅವುಗಳಲ್ಲಿ ಆರು ಓಟಗಳ ಗಾಯ ದೊಡ್ಡದು. ೨೦೦೯ರ ಮೇ ತಿಂಗಳಲ್ಲಿ ಜೊಹಾನ್ಸ್‌ಬರ್ಗಿನ ಅಂತಿಮ ಪಂದ್ಯ. ನಮ್ಮ ಅನಿಲ್ ಕುಂಬ್ಳೆಯವರು ಕೇವಲ ಹದಿನಾರು ಓಟ ಕೊಟ್ಟು ನಾಲ್ವರನ್ನು ಉರುಳಿಸಿದರೂ ತಂಡ ಆರು ಓಟಗಳಿಂದ ಸೋತಿತು. ಎಂಟು ತಿಂಗಳೂ ಕಳೆಯಲಿಲ್ಲ. ೨೦೧೦ರ ಸಂಕ್ರಾಂತಿಯ ಸುಮಾರಿನಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ರಣಜಿ ಅಂತಿಮ ಪಂದ್ಯ. ಮುಂಬಯಿಯವರ ಎದುರು ಕರ್ನಾಟಕಕ್ಕೆ ಬೇಕಾದದ್ದು ೩೩೮. ಮನೀಶ್ ಪಾಂಡೆಯವರು ೧೪೪ ಹೊಡೆದರು. ತಂಡ ೩೩೧ಕ್ಕೆ ಮುಗಿಯಿತು. ಮತ್ತೆ ಆರೇ ಓಟಗಳ ಸೋಲು! ಆ ವರ್ಷ ನಮ್ಮ ಮನೆಯ ಎಳ್ಳುಬೆಲ್ಲದಲ್ಲಿ ಬೆಲ್ಲವೇ ಇದ್ದಂತೆ ತೋರಲಿಲ್ಲ. ೨೦೧೧ರಲ್ಲಿ ಚೆನ್ನೈಯಲ್ಲಿ, ೨೦೧೬ರಲ್ಲಿ ನಮ್ಮದೇ ಬೆಂಗಳೂರಿನಲ್ಲಿ, ಅಂತಿಮ ಪಂದ್ಯದ ಸೋಲು ತಪ್ಪಲಿಲ್ಲ.

೨೦೨೫ರ ಯುಗಾದಿ ಬಂದಿತು, ಆಟವೂ ಆರಂಭವಾಯಿತು. ತಂಡ ಹೊರ ಊರುಗಳಲ್ಲಿ ಗೆಲ್ಲುವುದು, ಬೆಂಗಳೂರಿನಲ್ಲಿ ಸೋಲುವುದು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದರು ಅಕ್ಕನವರು. ಏಪ್ರಿಲ್ ೧೦ರಂದು ದಿಲ್ಲಿಯ ಪರವಾಗಿ ಬಂದ ರಾಹುಲರೇ ಔಟಾಗದೆ ೯೩ ಹೊಡೆದು ನಮ್ಮನ್ನು ಸೋಲಿಸಿ, ಇದು ನನ್ನ ನೆಲವೆಂಬಂತೆ ಬ್ಯಾಟಿನಿಂದ ಮೈದಾನದಲ್ಲಿ ಗೆರೆ ಎಳೆದು ತೋರಿಸಿದರು. ಮರುದಿನ ಹುಡುಗನು ಲೆಕ್ಕದವರ ಮುಖವನ್ನು ನೋಡಲಿಲ್ಲ. ಅವನಿಗೆ ಅಳಬೇಕೋ ಹೆಮ್ಮೆಪಡಬೇಕೋ ತಿಳಿಯದೆಂಬುದು ನಮಗೆ ತಿಳಿಯಿತು. ನಮ್ಮ ಅವಸ್ಥೆಯೂ ಅದೇ. ಆದರೆ ಹೊರಗಿನ ಏಳು ಪಂದ್ಯಗಳನ್ನೂ ತಂಡ ಗೆದ್ದಿತು. ನಡುವೆ ಮೇ ತಿಂಗಳಲ್ಲಿ ಗಡಿಯ ಕದನದ ಕಾರಣ ಆಟ ನಿಂತು, ಅಂತಿಮ ಪಂದ್ಯ ಮೇ ೨೫ರಿಂದ ಜೂನ್ ೩ಕ್ಕೆ ಹೋಯಿತು. ಹುಡುಗನು ಆ ತಾರೀಖಿನ ಅಂಕಿಗಳನ್ನೆಲ್ಲ ಕೂಡಿದನು: ಮೂರು, ಆರು, ಎರಡು, ಸೊನ್ನೆ, ಎರಡು, ಐದು. ಹದಿನೆಂಟು! ಅಂದು ಲೆಕ್ಕದವರೂ ತಾವೇ ಎರಡು ಸಲ ಕೂಡಿ ನೋಡಿದರು.

ಅಹಮದಾಬಾದಿನಲ್ಲಿ ತಂಡ ಪಂಜಾಬನ್ನು ಗೆದ್ದಿತು. ಎಷ್ಟು ಓಟಗಳಿಂದ? ಆರು. ಹದಿನಾರು ವರ್ಷದ ಹಿಂದಿನ ಸಾಲವನ್ನು ಯಾರೋ ಪೈಸೆಗೆ ಪೈಸೆ ತೀರಿಸಿದಂತಾಯಿತು. ನಡುರಾತ್ರಿಯಲ್ಲಿ ಬಂಗಾರಪೇಟೆಯ ಬೀದಿಗಳಲ್ಲಿ ಪಟಾಕಿ ಸಿಡಿಯಿತು. ನಮ್ಮ ಮನೆಯವರು ಎದ್ದು ಬಂದು, "ಇನ್ನಾದರೂ ಮಲಗುವಿರಾ?" ಎಂದರು. ಮಲಗುವುದೆಲ್ಲಿ ಬಂತು!

ಜೂನ್ ೪, ಬುಧವಾರ. ಬೆಳಗಿನ ರೈಲಿನಲ್ಲಿ ಲೆಕ್ಕದವರು ಮೈಸೂರುಪಾಕು ಹಂಚಿದರು. ಆಟಗಾರರು ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬರುವರೆಂದು ಸುದ್ದಿ. ಹುಡುಗನು ಕಾಲೇಜು ಮುಗಿಸಿ ಅಲ್ಲಿಗೆ ಹೋಗುವೆನೆಂದನು. "ಹೋಗಿ ಬಾ, ನಮ್ಮ ಪಾಲಿನದನ್ನೂ ನೋಡಿಕೊಂಡು ಬಾ" ಎಂದೆವು. ಇದನ್ನು ಹೇಳಿದವರು ಬೇರೆ ಯಾರೂ ಅಲ್ಲ, ನಾವೇ. ಹತ್ತು ರೂಪಾಯಿಯ ನೋಟನ್ನೊಂದು ಅವನ ಜೇಬಿಗೆ ತುರುಕಿ, ಬಾವುಟ ಕೊಂಡುಕೋ ಎಂದದ್ದೂ ನಾವೇ.

ಸಂಜೆ ಆ ಮೈದಾನದ ಬಾಗಿಲುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು.

ಸುದ್ದಿ ಕಿವಿಗೆ ಬಿದ್ದಾಗ ನಾವು ದಂಡಿನ ನಿಲ್ದಾಣದಲ್ಲಿದ್ದೆವು. ಹುಡುಗನ ಫೋನು ಸಿಕ್ಕಲಿಲ್ಲ. ರೈಲು ಹೊರಟ ಮೇಲೆ ನಮ್ಮ ಫೋನಿಗೆ ಅವನ ತಾಯಿಯ ಕರೆ ಬಂದಿತು. ಆಕೆ ನಮ್ಮೊಡನೆ ಅದುವರೆಗೆ ಮಾತನಾಡಿದವರಲ್ಲ. "ಅಣ್ಣಾ, ನನ್ನ ಮಗ ನಿಮ್ಮ ಡಬ್ಬಿಯಲ್ಲಿ ಇದ್ದಾನೆಯೇ?" ಇಲ್ಲವೆಂದು ಹೇಳಲು ನಾಲಿಗೆ ಏಳಲಿಲ್ಲ. ಹಿಂದಿನ ರೈಲಿನಲ್ಲಿ ಬರುತ್ತಾನಮ್ಮ ಎಂದೆವು. ಅದು ನಮಗೆ ತಿಳಿದ ಮಾತಲ್ಲ. ಅದೂ ಒಂದು ಭವಿಷ್ಯವೇ. ಅಂತಹ ಭವಿಷ್ಯವನ್ನು ನುಡಿಯುವಾಗ ಎದೆ ಹೇಗೆ ನಡುಗುವುದೆಂಬುದು ಅಂದು ಗೊತ್ತಾಯಿತು.

ಬಂಗಾರಪೇಟೆಯಲ್ಲಿ ನಾವು ಇಳಿದಾಗ ಗಣಿಯಣ್ಣನವರೂ ಇಳಿದರು. ಅವರು ಮುಂದೆ ಊರಿಗಾಂವರೆಗೆ ಹೋಗಬೇಕಾದವರು. ಕೇಳಿದರೆ, "ಕೆಳಗೆ ಒಬ್ಬ ಉಳಿದಿರುವಾಗ ಮೇಲಿನವರು ಜಾಗ ಬಿಡುವ ಪದ್ಧತಿ ಇಲ್ಲ ಸ್ವಾಮಿ" ಎಂದು ಕಲ್ಲು ಬೆಂಚಿನ ಮೇಲೆ ಕುಳಿತುಬಿಟ್ಟರು. ಲೆಕ್ಕದವರು ಕುಳಿತರು. ಅಕ್ಕನವರು ತಮಗೆ ತಿಳಿದ ಆಸ್ಪತ್ರೆಗಳಿಗೆಲ್ಲ ಫೋನು ಮಾಡಿ ಒಂದೊಂದಾಗಿ ಹೆಸರು ವಿಚಾರಿಸಿದರು. ಒಂದು ರೈಲು ಬಂದಿತು, ಅವನಿಲ್ಲ. ಇನ್ನೊಂದು ಬಂದಿತು. ಅದರ ಕೊನೆಯ ಡಬ್ಬಿಯಿಂದ ಹುಡುಗನು ಇಳಿದನು. ಅಂಗಿ ಹರಿದಿತ್ತು; ಒಂದು ಕಾಲಿನಲ್ಲಿ ಮಾತ್ರ ಪಾದರಕ್ಷೆ. ಒಳಗೆ ಹೋಗಲಾಗದೆ ತಳ್ಳಾಟದಲ್ಲಿ ಸಿಕ್ಕಿ, ಯಾರೋ ಕೈಹಿಡಿದು ಎಳೆದು ಗೋಡೆಯ ಪಕ್ಕಕ್ಕೆ ಹಾಕಿದರಂತೆ. ಅಷ್ಟು ಹೇಳಿ ಸುಮ್ಮನಾದನು.

ಗಣಿಯಣ್ಣನವರು ನಮ್ಮೆಲ್ಲರ ಕಡೆಗೆ ಬೆರಳು ತೋರಿಸಿ ಎಣಿಸಿದರು. "ಐದು. ಈಗ ಗೆದ್ದ ಮಾತಾಡಬಹುದು" ಎಂದರು. ಯಾರೂ ಆಡಲಿಲ್ಲ. ನಾವು ಅವನ ತಾಯಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆವು.

ಹನ್ನೊಂದು ಮನೆಗಳಲ್ಲಿ ಆ ರಾತ್ರಿ ಎಣಿಕೆ ಸರಿಹೋಗಲಿಲ್ಲ. ಇದನ್ನು ನೆನೆದಾಗಲೆಲ್ಲ ಹದಿನೆಂಟು ವರ್ಷ ನಾವು ಓದಿದ ಪಂಚಾಂಗದ ಕೊರತೆ ನಮಗೆ ಕಾಣುವುದು. ಬಂದ ಆಟಗಾರರನ್ನೂ, ಹೋದ ಕೋಟಿಗಳನ್ನೂ, ಓಟಗಳನ್ನೂ ಎಣಿಸಿದೆವು; ನಮ್ಮ ಪಕ್ಕದಲ್ಲಿ ಕುಳಿತವರನ್ನು ಎಣಿಸಿರಲಿಲ್ಲ. ಆಶೆ ತಪ್ಪೆಂದು ನಾವು ಹೇಳಲಾರೆವು. ದಿನವಿಡೀ ಪರರ ಕೆಲಸ ಮಾಡಿ ಬರುವವನಿಗೆ ನಾಳೆಯನ್ನು ಕುರಿತು ಜಗಳವಾಡುವ ಒಂದು ವಿಷಯವಾದರೂ ಬೇಕು. ಆದರೆ ಮಕ್ಕಳಿಗೆ ಆಶೆಯನ್ನು ಕೊಡುವ ಹಿರಿಯರು ಜೊತೆಗೆ ಎಚ್ಚರವನ್ನೂ ಕೊಡಬೇಕಾಗಿತ್ತು. ಹೋಗಿ ಬಾ ಎನ್ನುವ ಮಾತಿನಲ್ಲಿ ಬಾ ಎಂಬುದೇ ಮುಖ್ಯವೆಂಬುದನ್ನು ನಾವು ತಡವಾಗಿ ಕಲಿತೆವು.

ಬಹಳ ತಿಂಗಳು ನಮ್ಮ ಡಬ್ಬಿಯಲ್ಲಿ ಕ್ರಿಕೆಟ್ಟಿನ ಮಾತು ಏಳಲಿಲ್ಲ. ೨೦೨೫ರ ಡಿಸೆಂಬರಿನಲ್ಲಿ ಅಬುಧಾಬಿಯಲ್ಲಿ ಮತ್ತೊಂದು ಹರಾಜು ನಡೆದ ಮರುದಿನ, ಟೇಕಲ್ ದಾಟುವಾಗ, ಹುಡುಗನೇ ಮೆಲ್ಲನೆ ಬಾಯಿಬಿಟ್ಟನು. "ಲೆಕ್ಕದ ಸಾರ್, ಈ ವರ್ಷದ ಗಂಟಿನಲ್ಲಿ ಎಷ್ಟು ಉಳಿದಿತ್ತು?" ಲೆಕ್ಕದವರು ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಅಕ್ಕನವರು ಡಬ್ಬದ ಮುಚ್ಚಳ ತೆಗೆದು ಎಲ್ಲರಿಗೂ ಒಂದೊಂದು ಇಡ್ಲಿ ಕೊಟ್ಟರು. ಮಾಲೂರು ಬರುವಷ್ಟರಲ್ಲಿ ಜಗಳ ಚೆನ್ನಾಗಿ ಕಾವೇರಿತ್ತು. ಕಪ್ ಮತ್ತೆ ಬಂದರೆ ಎಲ್ಲಿ ನೋಡುವುದೆಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಹುಟ್ಟಲಿಲ್ಲ. ಎಲ್ಲರೂ ಬಂಗಾರಪೇಟೆಯಲ್ಲಿಯೇ ಇಳಿದು, ನಮ್ಮೂರಿನ ತಿಳಿನೀರಿನ ಪಾನಿಪುರಿಯನ್ನು ತಿಂದು, ಅವರವರ ಮನೆಯಲ್ಲಿ ಮಕ್ಕಳುಮರಿಗಳೊಡನೆ ನೋಡತಕ್ಕದ್ದೆಂದು ತೀರ್ಮಾನವಾಯಿತು.

ಕಪ್ಪು ಬರುವುದೋ ಇಲ್ಲವೋ ಎಂದು ಗಣಿಯಣ್ಣನವರನ್ನು ಕೇಳಿದೆವು. ಅವರು ಕಿಟಕಿಯ ಹೊರಗೆ ನೋಡುತ್ತ ಎಂದಿನ ಉತ್ತರವನ್ನೇ ಕೊಟ್ಟರು.