ಕೊನೆಯ ಒದೆತದ ನಂತರ

ಕಾಲ್ಚೆಂಡಿನಾಟದಲ್ಲಿ ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಗೋಲು ತಡೆದ ಗೋಲ್‌ಕೀಪರ್‌ಗೂ ಚಪ್ಪಾಳೆಯಲ್ಲಿ ಪಾಲು ಸಿಗುತ್ತದೆ. ಇವರಿಬ್ಬರ ನಡುವಿನ ಬಯಲಿನಲ್ಲಿ ಇನ್ನೊಬ್ಬನಿರುತ್ತಾನೆ. ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು, ಅದನ್ನು ತನಗಿಂತ ಚುರುಕಾದವನಿಗೆ ದಾಟಿಸುವುದು, ಮತ್ತೆ ತನ್ನ ಜಾಗಕ್ಕೆ ಓಡಿಬಂದು ನಿಲ್ಲುವುದು, ತೊಂಬತ್ತು ನಿಮಿಷವೂ ಇದೇ ಅವನ ಕಾಯಕ. ಮರುದಿನದ ಪತ್ರಿಕೆಯಲ್ಲಿ ಅವನ ಹೆಸರು ಬರುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ರೆಫರಿ ಅವನಿಗೆ ಕಾರ್ಡು ತೋರಿಸಿದ್ದರೆ, ಇಲ್ಲವೇ ಅವನಿಂದ ದೊಡ್ಡದೊಂದು ತಪ್ಪು ನಡೆದಿದ್ದರೆ. ರಕ್ಷಣಾತ್ಮಕ ಮಿಡ್‌ಫೀಲ್ಡರ್ ಎಂದು ಕರೆಯುವ ಈ ಜಾಗದಲ್ಲಿ ನಿಂತೇ ಸೆನೆಗಲ್ ತಂಡದ ನಾಯಕನಾದವನು ಅಲಿಯೂ ಸಿಸ್ಸೆ. ಅವನ ಹೆಸರು ಆಫ್ರಿಕಾದ ಮನೆಮನೆಗೆ ತಲುಪಿದ್ದು ಒಂದು ತಪ್ಪಿದ ಒದೆತದಿಂದ. ಆ ತಪ್ಪಿನ ಆಚೆಗೆ ಅವನು ನಡೆದ ಇಪ್ಪತ್ತು ವರ್ಷಗಳ ದಾರಿ, ಮಕ್ಕಳೂ ಅವರ ತಂದೆತಾಯಿಯರೂ ಒಟ್ಟಿಗೆ ಕುಳಿತು ಓದಬಹುದಾದ ಕಥೆ.

ಸಿಸ್ಸೆ ಹುಟ್ಟಿದ್ದು 1976ರ ಮಾರ್ಚ್ 24ರಂದು, ಸೆನೆಗಲ್‌ನ ದಕ್ಷಿಣ ತುದಿಯ ಕಾಸಮಾನ್ಸ್ ಪ್ರಾಂತ್ಯದ ಜಿಗಿಂಚೋರ್ ಪಟ್ಟಣದಲ್ಲಿ. ಭೂಪಟ ತೆರೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸೆನೆಗಲ್‌ನ ಹೊಟ್ಟೆಯೊಳಗೆ ನಾಲಿಗೆ ಚಾಚಿದಂತೆ ಗ್ಯಾಂಬಿಯಾ ಎಂಬ ಇನ್ನೊಂದು ದೇಶವಿದೆ. ಹೀಗಾಗಿ ಕಾಸಮಾನ್ಸ್‌ನವರು ರಾಜಧಾನಿ ಡಕಾರ್‌ಗೆ ಹೋಗಬೇಕಾದರೆ ಒಂದೋ ಪರದೇಶವನ್ನು ದಾಟಬೇಕು, ಇಲ್ಲವೇ ಬಹಳ ಸುತ್ತು ಬಳಸಬೇಕು, ಇಲ್ಲವೇ ಸಮುದ್ರದ ಹಾದಿ ಹಿಡಿಯಬೇಕು. ಭೂಗೋಳದ ಈ ಸಂಗತಿ ಮುಂದೆ ಸಿಸ್ಸೆಯ ಬಾಳಿನಲ್ಲಿ ದೊಡ್ಡ ಗಾಯವೊಂದಕ್ಕೆ ಕಾರಣವಾಯಿತು.

ಒಂಬತ್ತನೇ ವಯಸ್ಸಿಗೆ ಹುಡುಗ ಫ್ರಾನ್ಸಿಗೆ ಹೋದ. ಪ್ಯಾರಿಸ್ ಹೊರವಲಯದ ಶಾಂಪಿನಿಯಲ್ಲಿ ಬೆಳೆದು, ಲಿಲ್ ಕ್ಲಬ್ಬಿನಲ್ಲಿ ಆಟ ಕಲಿತು, ಸೆಡಾನ್ ಎಂಬ ಸಣ್ಣ ಕ್ಲಬ್ಬಿನ ಮೂಲಕ 1998ರಲ್ಲಿ ಹೆಸರಾಂತ ಪ್ಯಾರಿಸ್ ಸೇಂಟ್ ಜರ್ಮೇನ್ ಸೇರಿದ. ಅಲ್ಲಿ ಅವನೇನೂ ತಾರೆಯಾಗಲಿಲ್ಲ. ಒಂದು ಋತುವಿಗೆ ಮಾಂಟ್‌ಪೆಲಿಯೆ ಕ್ಲಬ್ಬಿಗೆ ಎರವಲು ಆಟಗಾರನಾಗಿಯೂ ಹೋಗಬೇಕಾಯಿತು. ಆದರೆ ಸೆನೆಗಲ್ ತಂಡದ ಫ್ರೆಂಚ್ ತರಬೇತುದಾರ ಬ್ರೂನೊ ಮೆತ್ಸು ತನ್ನ ತಂಡಕ್ಕೆ ಅವನನ್ನೇ ನಾಯಕನನ್ನಾಗಿ ಇಟ್ಟುಕೊಂಡ. ಎಲ್ ಹಾಜಿ ಡಿಯೂಫ್, ಹೆನ್ರಿ ಕಮಾರಾ ಅವರಂಥ ಮಿಂಚಿನ ಆಟಗಾರರು ಮುಂದೆ ಓಡಬೇಕಾದರೆ ಹಿಂದೆ ಯಾರಾದರೂ ಗಟ್ಟಿಯಾಗಿ ನಿಲ್ಲಬೇಕಲ್ಲ!

2002ರ ಫೆಬ್ರವರಿ. ಮಾಲಿ ದೇಶದ ಬಮಾಕೊ ನಗರದಲ್ಲಿ ಆಫ್ರಿಕಾ ಕಪ್ ಫೈನಲ್. ಸೆನೆಗಲ್ ಈ ಮಟ್ಟಕ್ಕೆ ಬಂದದ್ದು ಅದೇ ಮೊದಲು. ಎದುರಿಗೆ ಹಾಲಿ ಚಾಂಪಿಯನ್ ಕ್ಯಾಮರೂನ್. ಹೆಚ್ಚುವರಿ ಸಮಯ ಮುಗಿದರೂ ಗೋಲಿಲ್ಲ. ಇನ್ನು ಪೆನಾಲ್ಟಿ ಶೂಟೌಟ್. ಗೋಲುಗೆರೆಯಿಂದ ಹನ್ನೆರಡು ಗಜ ದೂರದಲ್ಲಿ ಚೆಂಡು, ಇಪ್ಪತ್ತನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಬಾಗಿಲು, ಅದನ್ನು ಕಾಯಲು ಒಬ್ಬನೇ ಮನುಷ್ಯ. ನೋಡುವವರಿಗೆ ಇದಕ್ಕಿಂತ ಸುಲಭದ ಕೆಲಸವಿಲ್ಲ. ಆದರೆ ಎರಡು ಗಂಟೆ ಓಡಿ ದಣಿದ ಕಾಲುಗಳಿಗೆ, ಇಡೀ ದೇಶ ಉಸಿರು ಬಿಗಿಹಿಡಿದು ಕಾಯುತ್ತಿದೆ ಎಂದು ಬಲ್ಲ ಮನಸ್ಸಿಗೆ, ಆ ಹನ್ನೆರಡು ಗಜವೇ ಹನ್ನೆರಡು ಹರದಾರಿ.

ಸೆನೆಗಲ್‌ನ ಕೊನೆಯ ಒದೆತ ನಾಯಕನ ಪಾಲಿಗೆ ಬಂತು. ಸಿಸ್ಸೆಯ ಚೆಂಡನ್ನು ಕ್ಯಾಮರೂನ್ ಗೋಲ್‌ಕೀಪರ್ ತಡೆದುಬಿಟ್ಟ. ಕಪ್ ಕ್ಯಾಮರೂನ್ ಪಾಲಾಯಿತು. ಶೂಟೌಟ್ ಅಂಕ 3-2. ಈ ಲೆಕ್ಕವನ್ನು ಒಂದು ಕ್ಷಣ ನಿಂತು ನೋಡಬೇಕು. ಐದು ಒದೆತಗಳಲ್ಲಿ ಎರಡು ಮಾತ್ರ ಗೋಲಾದವು ಎಂದರೆ ಸೆನೆಗಲ್‌ನ ಮೂವರು ತಪ್ಪಿಸಿದ್ದರು ಎಂದಾಯಿತು. ಆದರೆ ಮೊದಲಿನ ಇಬ್ಬರನ್ನು ಜನ ಮರೆತರು, ಕೊನೆಯವನ ಹೆಸರು ಉಳಿಯಿತು. ಸೋಲು ಎಂಬುದು ಹಲವರ ಪಾಲುದಾರಿಕೆಯ ವ್ಯವಹಾರವಾದರೂ ಅದರ ಬಾಕಿಪಟ್ಟಿ ಸಾಮಾನ್ಯವಾಗಿ ಒಬ್ಬನ ಹೆಸರಿಗೇ ಬರುತ್ತದೆ.

ಅಂಥ ಹೊತ್ತಿನಲ್ಲಿ ಸುತ್ತಲಿನ ಹಿರಿಯರು ಏನು ಮಾಡುತ್ತಾರೆ ಎಂಬುದು ಮುಖ್ಯ. ಮೂರೂವರೆ ತಿಂಗಳಲ್ಲಿ ವಿಶ್ವಕಪ್ ಇತ್ತು. ನಾಯಕನನ್ನು ಬದಲಿಸಲು ಮೆತ್ಸುಗೆ ನೆಪ ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ಆದರೆ ಅವನು ಬದಲಿಸಲಿಲ್ಲ. 2002ರ ಮೇ 31ರಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ವಿಶ್ವಕಪ್ಪಿನ ಉದ್ಘಾಟನಾ ಪಂದ್ಯಕ್ಕೆ ಸೆನೆಗಲ್ ತಂಡವನ್ನು ಮೈದಾನಕ್ಕೆ ಕರೆತಂದವನು ಅದೇ ಅಲಿಯೂ ಸಿಸ್ಸೆ, ತೋಳಿನಲ್ಲಿ ಅದೇ ನಾಯಕನ ಪಟ್ಟಿ.

ಎದುರಾಳಿ ಫ್ರಾನ್ಸ್. 1960ರವರೆಗೆ ಸೆನೆಗಲ್ಲನ್ನು ಆಳಿದ ದೇಶ. ವಿಶ್ವಕಪ್ಪನ್ನೂ ಯೂರೋಪ್ ಕಪ್ಪನ್ನೂ ಕೈಯಲ್ಲಿ ಹಿಡಿದು ಬಂದಿದ್ದ ತಂಡ. ಸೆನೆಗಲ್‌ಗೆ ಅದೇ ಮೊದಲ ವಿಶ್ವಕಪ್. ಅಂದು ಕಣಕ್ಕಿಳಿದ ಸೆನೆಗಲ್‌ನ ಹನ್ನೊಂದೂ ಜನ ಫ್ರಾನ್ಸಿನ ಕ್ಲಬ್ಬುಗಳಲ್ಲೇ ದುಡಿಯುತ್ತಿದ್ದವರು. ಮೂವತ್ತನೇ ನಿಮಿಷದಲ್ಲಿ ಇನ್ನೊಬ್ಬ ಮಿಡ್‌ಫೀಲ್ಡರ್, ಎತ್ತರದ ಆಳು ಪಾಪಾ ಬೂಬಾ ಡಿಯೋಪ್, ನೆಲಕ್ಕೆ ಬೀಳುತ್ತಲೇ ಚೆಂಡನ್ನು ಗೋಲಿಗೆ ನೂಕಿದ. ಮೈದಾನದ ಮೂಲೆಗೆ ಓಡಿ, ಅಂಗಿ ಬಿಚ್ಚಿ ಹಾಸಿ, ಅದರ ಸುತ್ತ ಗೆಳೆಯರೊಂದಿಗೆ ಕುಣಿದ. ಆ ಒಂದು ಗೋಲನ್ನು ಉಳಿದ ಒಂದು ಗಂಟೆ ಕಾಯ್ದವರಲ್ಲಿ ಸಿಸ್ಸೆಯ ಪಾಲು ದೊಡ್ಡದು. ಪಂದ್ಯ 1-0. ಮುಂದೆ ಡೆನ್ಮಾರ್ಕ್ ಮತ್ತು ಉರುಗ್ವೆ ಜೊತೆ ಸಮ, ಸ್ವೀಡನ್ ಮೇಲೆ ಜಯ. ಕ್ವಾರ್ಟರ್ ಫೈನಲ್‌ನಲ್ಲಿ ಟರ್ಕಿಗೆ ಸೋಲುವ ಹೊತ್ತಿಗೆ ಸೆನೆಗಲ್ ಲೋಕಕ್ಕೆಲ್ಲ ಪರಿಚಿತವಾಗಿತ್ತು.

ಆ ಬೇಸಿಗೆಯಲ್ಲೇ ಸಿಸ್ಸೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಿಟಿ ಕ್ಲಬ್ಬಿಗೆ ಸೇರಿದ. ಆದರೆ ಸಂತೋಷದ ಆಯಸ್ಸು ನಾಲ್ಕು ತಿಂಗಳೂ ಇರಲಿಲ್ಲ.

2002ರ ಸೆಪ್ಟೆಂಬರ್ 26ರಂದು ಜಿಗಿಂಚೋರ್‌ನಿಂದ ಡಕಾರ್‌ಗೆ ಹೊರಟ 'ಲೆ ಜೂಲಾ' ಎಂಬ ಹಡಗು ರಾತ್ರಿ ಗ್ಯಾಂಬಿಯಾ ಕರಾವಳಿಯಾಚೆ ಬಿರುಗಾಳಿಗೆ ಸಿಕ್ಕಿ ಕೆಲವೇ ನಿಮಿಷಗಳಲ್ಲಿ ಮಗುಚಿತು. ಆರುನೂರಕ್ಕೂ ಕಡಿಮೆ ಜನರಿಗೆಂದು ಕಟ್ಟಿದ ಹಡಗಿನಲ್ಲಿ ಅಂದು ಅದರ ಮೂರು ಪಟ್ಟಿಗೂ ಹೆಚ್ಚು ಜನರಿದ್ದರು. ಸತ್ತವರು 1,800ಕ್ಕೂ ಹೆಚ್ಚು, ಬದುಕಿ ಉಳಿದವರು 64 ಜನ. ಟೈಟಾನಿಕ್ ದುರಂತದಲ್ಲಿ ಮಡಿದವರ ಸಂಖ್ಯೆಯನ್ನೂ ಇದು ಮೀರಿಸಿತು. ರಜೆ ಮುಗಿಸಿ ಡಕಾರ್‌ನ ಶಾಲೆ ಕಾಲೇಜುಗಳಿಗೆ ಮರಳುತ್ತಿದ್ದ ವಿದ್ಯಾರ್ಥಿಗಳು ಆ ಹಡಗಿನಲ್ಲಿ ಬಹಳ ಮಂದಿ ಇದ್ದರು. ಸಿಸ್ಸೆಯ ಬಂಧುಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಒಂದೇ ರಾತ್ರಿಯಲ್ಲಿ ನೀರುಪಾಲಾದರು.

ಪೆನಾಲ್ಟಿ ತಪ್ಪಿದ್ದನ್ನು ಅಲ್ಲಿಯವರೆಗೆ 'ದುರಂತ' ಎಂದು ಬರೆದವರಿದ್ದರು. ಆ ಪದಕ್ಕೆ ನಿಜವಾದ ಅರ್ಥ ಯಾವುದೆಂದು ಆ ಸೆಪ್ಟೆಂಬರ್ ತಿಳಿಸಿಕೊಟ್ಟಿತು. ಒಂದೇ ವರ್ಷದೊಳಗೆ ಫೈನಲ್ ಸೋಲು, ವಿಶ್ವಕಪ್ಪಿನ ಹಿಗ್ಗು, ಮನೆತನದ ಮೇಲೆ ಎರಗಿದ ಸಾವು. ಇಪ್ಪತ್ತಾರು ವರ್ಷದ ಯುವಕ ಇಷ್ಟನ್ನೂ ಹೊತ್ತು ಮತ್ತೆ ಮೈದಾನಕ್ಕಿಳಿದ. ಬರ್ಮಿಂಗ್‌ಹ್ಯಾಮ್, ಆಮೇಲೆ ಪೋರ್ಟ್ಸ್‌ಮತ್, ಮತ್ತೆ ಹಳೆಯ ಸೆಡಾನ್, ಕಡೆಗೆ ನೀಮ್. ಆಟದ ಬದುಕು ಸದ್ದಿಲ್ಲದೆ ಮುಗಿಯಿತು.

ನಂತರ ಅವನು ಹಿಡಿದದ್ದು ಮೇಷ್ಟರ ಕೆಲಸ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಸೆನೆಗಲ್ ಯುವ ತಂಡಕ್ಕೆ ಸಹಾಯಕ, ಬಳಿಕ ಅದೇ ವಯೋಮಾನದ ತಂಡಕ್ಕೆ ಮುಖ್ಯಸ್ಥ. 2015ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡದ ಹೊಣೆ ಬಂತು. ದೊಡ್ಡ ತಂಡಕ್ಕೆ ಯೂರೋಪಿನವನೇ ತರಬೇತುದಾರನಾಗಬೇಕು ಎಂಬ ನಂಬಿಕೆ ಆಫ್ರಿಕಾದಲ್ಲಿ ಬೇರೂರಿದ್ದ ಕಾಲ ಅದು. 2018ರ ವಿಶ್ವಕಪ್ಪಿನ ಮೂವತ್ತೆರಡು ತರಬೇತುದಾರರಲ್ಲಿ ಕಪ್ಪು ವರ್ಣೀಯನೆಂದರೆ ಸಿಸ್ಸೆ ಒಬ್ಬನೇ.

ಈ ತಂಡದ ಕಣ್ಮಣಿ ಸಾಡಿಯೊ ಮಾನೆ. ಅವನೂ ಕಾಸಮಾನ್ಸ್ ಸೀಮೆಯವನೇ, ಬಂಬಾಲಿ ಎಂಬ ಹಳ್ಳಿಯವನು. 2017ರ ಜನವರಿಯಲ್ಲಿ ಗ್ಯಾಬನ್‌ನಲ್ಲಿ ನಡೆದ ಆಫ್ರಿಕಾ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ವಿಧಿ ಹಳೆಯ ಪುಟವನ್ನೇ ಮತ್ತೆ ತೆರೆಯಿತು. ಎದುರಾಳಿ ಅದೇ ಕ್ಯಾಮರೂನ್. ಗೋಲಿಲ್ಲದ ಆಟ, ಅದೇ ಶೂಟೌಟ್. ಸೆನೆಗಲ್‌ನ ಐದನೇ ಒದೆತ ಮಾನೆಯದು. ಗೋಲ್‌ಕೀಪರ್ ತಡೆದ. ತಂಡ ಮನೆಗೆ ಹೊರಟಿತು, ಮಾನೆ ಕಣ್ಣೀರಿಟ್ಟ.

ಆ ಹುಡುಗನಿಗೆ ಏನಾಗುತ್ತಿದೆ ಎಂದು ಅಲ್ಲಿದ್ದವರಲ್ಲಿ ಸಿಸ್ಸೆಯಷ್ಟು ಬಲ್ಲವರು ಯಾರಿದ್ದರು? ಬಾಣಂತಿಯ ನೋವು ಬಂಜೆಗೇನು ಗೊತ್ತು ಎಂಬ ಹಳೆಯ ಗಾದೆ ಕಠೋರವಾದರೂ, ಅನುಭವಿಸಿದವನಿಗೇ ಅನುಭವಿಸುವವನ ಸಂಕಟ ತಿಳಿಯುತ್ತದೆ ಎಂಬುದು ನಿಜ. ಮೆತ್ಸು ತನಗೆ ಮಾಡಿದ್ದನ್ನೇ ಸಿಸ್ಸೆ ಮಾನೆಗೆ ಮಾಡಿದ. ತಂಡವನ್ನು ಅವನ ಸುತ್ತಲೇ ಕಟ್ಟುತ್ತಾ ಹೋದ.

ಫಲ ಬೇಗ ಸಿಗಲಿಲ್ಲ. 2018ರ ವಿಶ್ವಕಪ್ಪಿನಲ್ಲಿ ಸೆನೆಗಲ್ ಮತ್ತು ಜಪಾನ್ ಎಲ್ಲ ಲೆಕ್ಕದಲ್ಲೂ ಸಮನಾಗಿ ನಿಂತಾಗ ಹಳದಿ ಕಾರ್ಡುಗಳನ್ನು ಎಣಿಸಬೇಕಾಯಿತು. ಜಪಾನ್‌ಗೆ ನಾಲ್ಕು, ಸೆನೆಗಲ್‌ಗೆ ಆರು. ಆ ನಿಯಮದಿಂದ ವಿಶ್ವಕಪ್ಪಿನಿಂದ ಹೊರಬಿದ್ದ ಮೊದಲ ತಂಡ ಸೆನೆಗಲ್. 2019ರಲ್ಲಿ ಕೈರೊದಲ್ಲಿ ಆಫ್ರಿಕಾ ಕಪ್ ಫೈನಲ್ ತಲುಪಿದರೂ ಎರಡನೇ ನಿಮಿಷದ ಒಂದೇ ಗೋಲಿನಿಂದ ಅಲ್ಜೀರಿಯ ಗೆದ್ದಿತು. ಆ ಪಂದ್ಯಾವಳಿಯಲ್ಲೂ ಮಾನೆ ಎರಡು ಪೆನಾಲ್ಟಿ ತಪ್ಪಿಸಿದ್ದ. ಆಟಗಾರನಾಗಿ ಒಮ್ಮೆ, ತರಬೇತುದಾರನಾಗಿ ಒಮ್ಮೆ, ಸಿಸ್ಸೆ ಎರಡು ಫೈನಲ್ ಸೋತಂತಾಯಿತು. ಆದರೆ ಫುಟ್‌ಬಾಲ್ ಸಂಸ್ಥೆ ಅವನನ್ನು ಕೈಬಿಡಲಿಲ್ಲ.

2022ರ ಫೆಬ್ರವರಿ 6. ಕ್ಯಾಮರೂನ್‌ನ ರಾಜಧಾನಿ ಯಾವುಂಡೆಯಲ್ಲಿ ಮತ್ತೆ ಆಫ್ರಿಕಾ ಕಪ್ ಫೈನಲ್. ಎದುರಾಳಿ ಏಳು ಬಾರಿಯ ಚಾಂಪಿಯನ್ ಈಜಿಪ್ಟ್. ಏಳನೇ ನಿಮಿಷದಲ್ಲೇ ಸೆನೆಗಲ್‌ಗೆ ಪೆನಾಲ್ಟಿ ಸಿಕ್ಕಿತು. ಮಾನೆ ಒದ್ದ, ಗೋಲ್‌ಕೀಪರ್ ತಡೆದ! ಮುಂದಿನ ಎರಡು ಗಂಟೆ ಆ ಭಾರ ಹೊತ್ತೇ ಮಾನೆ ಓಡಿದ. ಗೋಲಿಲ್ಲದೆ ಪಂದ್ಯ ಶೂಟೌಟ್‌ಗೆ ಬಂತು.

ಒಮ್ಮೆ ಅದೇ ಸಂಜೆ ತಪ್ಪಿಸಿದವನಿಗೆ, ಹಿಂದೆಯೂ ತಪ್ಪಿಸಿದವನಿಗೆ, ನಿರ್ಣಾಯಕ ಒದೆತವನ್ನು ಯಾರು ಕೊಡುತ್ತಾರೆ? ಸೆನೆಗಲ್‌ನ ಐದನೇ ಒದೆತಕ್ಕೆ ಮಾನೆಯೇ ನಡೆದು ಬಂದ. ಗೋಲಾದರೆ ಕಪ್. ಈ ಬಾರಿ ಚೆಂಡು ಬಲೆ ಸೇರಿತು. ಶೂಟೌಟ್ 4-2. ಸೆನೆಗಲ್ ಇತಿಹಾಸದ ಮೊದಲ ಆಫ್ರಿಕಾ ಕಪ್ ಕೈಸೇರಿತು. ಇಪ್ಪತ್ತು ವರ್ಷದ ಹಿಂದೆ ಕೊನೆಯ ಒದೆತದಲ್ಲಿ ಕೈಜಾರಿದ ಕಪ್ಪು, ಕೊನೆಯ ಒದೆತದಲ್ಲೇ ಮರಳಿ ಬಂದಿತ್ತು. ಏಳು ವಾರಗಳ ಬಳಿಕ ವಿಶ್ವಕಪ್ ಅರ್ಹತೆಯ ಪಂದ್ಯದಲ್ಲಿ ಅದೇ ಈಜಿಪ್ಟ್ ವಿರುದ್ಧ ಮತ್ತೆ ಶೂಟೌಟ್ ಬಂದಾಗ, ಗೆಲುವಿನ ಒದೆತ ಮತ್ತೆ ಮಾನೆಯದೇ ಆಯಿತು.

ಆ ವರ್ಷ ಕತಾರ್‌ನ ವಿಶ್ವಕಪ್ಪಿಗೆ ಹೋದ ಆಫ್ರಿಕಾದ ಐದೂ ತಂಡಗಳಿಗೆ ಆಫ್ರಿಕಾದವರೇ ತರಬೇತುದಾರರಾಗಿದ್ದರು. ಕ್ಯಾಮರೂನ್‌ಗೆ ರಿಗೋಬರ್ ಸಾಂಗ್. ಬಮಾಕೊದ ಫೈನಲ್‌ನಲ್ಲಿ ಎದುರಾಳಿ ನಾಯಕನಾಗಿದ್ದವನು ಇವನೇ! ಮಾನೆ ಗಾಯದಿಂದಾಗಿ ಆಡಲಾಗಲಿಲ್ಲ. ನವೆಂಬರ್ 29ರಂದು ಈಕ್ವೆಡಾರ್ ವಿರುದ್ಧ ಗೆಲ್ಲಲೇಬೇಕಿತ್ತು. ಅಂದು ಪಾಪಾ ಬೂಬಾ ಡಿಯೋಪ್ ತೀರಿಕೊಂಡು ಸರಿಯಾಗಿ ಎರಡು ವರ್ಷ. 2020ರಲ್ಲಿ, ನಲವತ್ತೆರಡನೇ ವಯಸ್ಸಿಗೇ ಅವನು ಕಣ್ಮುಚ್ಚಿದ್ದ. ನಾಯಕ ಕಾಲಿಡು ಕೂಲಿಬಾಲಿ ತನ್ನ ತೋಳಪಟ್ಟಿಯ ಮೇಲೆ ಡಿಯೋಪ್‌ನ ಅಂಗಿ ಸಂಖ್ಯೆ 19 ಬರೆದುಕೊಂಡು ಆಡಿದ, ಗೆಲುವಿನ ಗೋಲನ್ನೂ ಅವನೇ ಹೊಡೆದ. 2002ರ ನಂತರ ಮೊದಲ ಸಲ ಸೆನೆಗಲ್ ಎರಡನೇ ಸುತ್ತು ಮುಟ್ಟಿತು. ಅಲ್ಲಿ ಇಂಗ್ಲೆಂಡ್ ಸೋಲಿಸಿತು.

ಎಲ್ಲ ಕಥೆಯೂ ಕಪ್ಪಿನೊಂದಿಗೆ ಮುಗಿಯುವುದಿಲ್ಲ. 2024ರ ಆರಂಭದಲ್ಲಿ ಆಫ್ರಿಕಾ ಕಪ್ಪಿನಲ್ಲಿ ಆತಿಥೇಯ ಐವರಿ ಕೋಸ್ಟ್ ಸೆನೆಗಲ್ಲನ್ನು ಹೊರಗಟ್ಟಿತು, ಅದೂ ಶೂಟೌಟ್‌ನಲ್ಲೇ. ಆ ಅಕ್ಟೋಬರ್‌ನಲ್ಲಿ ಸಿಸ್ಸೆಯ ಒಂಬತ್ತೂವರೆ ವರ್ಷಗಳ ಅಧಿಕಾರ ಮುಗಿಯಿತು. 2025ರ ಮಾರ್ಚ್‌ನಲ್ಲಿ ಅವನು ಲಿಬಿಯಾ ತಂಡಕ್ಕೆ ತರಬೇತುದಾರನಾಗಿ ಹೋದ. ಮತ್ತೆ ಮೊದಲಿನಿಂದ ಕೆಲಸ.

ಫಲಿತಾಂಶದ ದಿನ ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿದ್ದರೂ ಕತ್ತಲೆಯಿರುತ್ತದೆ. ಒಂದು ವಿಷಯದಲ್ಲಿ ಎಡವಿದ ಮಗನನ್ನು, ನಾಲ್ಕು ಅಂಕಕ್ಕೆ ಸೀಟು ತಪ್ಪಿದ ಮಗಳನ್ನು ಮನೆಯವರು ಬೈಯದೆಯೂ ಇರಬಹುದು, ಸಮಾಧಾನದ ಮಾತನ್ನೂ ಹೇಳಬಹುದು. ಆದರೆ ಆಮೇಲೆ ಮೆಲ್ಲಗೆ ಅವರ ಕೈಯಿಂದ ಚೆಂಡನ್ನು ತೆಗೆದಿಟ್ಟುಬಿಡುತ್ತಾರೆ. 'ಇದು ನಿನ್ನಿಂದಾಗದು, ಬೇರೆ ನೋಡು' ಎಂಬ ಮಾತು ಪ್ರೀತಿಯಿಂದಲೇ ಬಂದರೂ, ಮಗು ಅದನ್ನು ತೀರ್ಪೆಂದೇ ಕೇಳಿಸಿಕೊಳ್ಳುತ್ತದೆ. ಮೆತ್ಸು ಸಿಸ್ಸೆಗೆ, ಸಿಸ್ಸೆ ಮಾನೆಗೆ ಕೊಟ್ಟದ್ದು ಸಮಾಧಾನಕ್ಕಿಂತ ಹೆಚ್ಚಿನದು: ಮತ್ತೊಂದು ಸರದಿ. ಆ ಸರದಿಯಲ್ಲಿ ಗೆಲುವೇ ಬರುತ್ತದೆಂದು ಯಾರಿಗೂ ಹೇಳಲಾಗದು. ಮಾನೆಗೂ ಮೂರು ನಾಲ್ಕು ಸರದಿ ಬೇಕಾದವು. ಕೊಡುವವರಿಗೆ ತಾಳ್ಮೆ ಬೇಕು, ತೆಗೆದುಕೊಳ್ಳುವವನಿಗೆ ಹನ್ನೆರಡು ಗಜ ದೂರದ ಆ ಚುಕ್ಕೆಯವರೆಗೆ ಇನ್ನೊಮ್ಮೆ ನಡೆದು ಹೋಗುವ ಎದೆ ಬೇಕು.