ಕಾರಿನಲ್ಲಿ ಅಜ್ಜಿಯ ದನಿ

ನಮ್ಮ ಹಳೇ ಕಾರಿನ ಬಾಗಿಲಲ್ಲಿರುವ ಎರಡು ಸ್ಪೀಕರ್‌ಗಳು ಅಂಗೈ ಅಗಲದವು. ಶಿಕಾರಿಪುರದಿಂದ ಅಕ್ಕಮಹಾದೇವಿಯ ಊರು ಉಡುತಡಿಗೆ ಹೊರಟಾಗಲೆಲ್ಲ, ತೀರಿಹೋದ ನನ್ನಾಕೆ ಹಾಡಿದ ವಚನಗಳನ್ನು ಹಾಕುತ್ತೇನೆ. ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿಗೆ ಇಳಿಸಿದ್ದು. ಆದರೆ ತಬಲಾದ ಡಗ್ಗ ಗುಂ ಎಂದೊಡನೆ ಸ್ಪೀಕರ್ ಗರಗರ ಎಂದು ಅವಳ ಮಾತೇ ಮುಳುಗಿಹೋಗುತ್ತಿತ್ತು.

“ಹೊಸ ಸ್ಪೀಕರ್ ಬೇಡ ಅಜ್ಜ, ಎರಡು ಕೆಪಾಸಿಟರ್ ಸಾಕು” ಎಂದ ಎಂಜಿನಿಯರಿಂಗ್ ಓದುವ ಮೊಮ್ಮಗ. ಪ್ಲಸ್-ಮೈನಸ್ ಭೇದವಿಲ್ಲದ 220 ಮೈಕ್ರೋಫ್ಯಾರಡ್‌ನವನ್ನು ತಂದ. ಪ್ರತಿ ಸ್ಪೀಕರಿನ ಒಂದು ತಂತಿ ಕತ್ತರಿಸಿ, ನಡುವೆ ಒಂದೊಂದನ್ನು ಬೆಸೆದ.

“ಬಿ.ಕಾಂ. ಓದಿದವನಿಗೆ ತಿಳಿಯುವಂತೆ ಹೇಳೋ” ಎಂದೆ. ದಪ್ಪ ಸ್ವರದ ವಿದ್ಯುತ್ತು ನಿಧಾನವಾಗಿ ಹಿಂದೆ ಮುಂದೆ ಓಡಾಡುತ್ತದಂತೆ, ಸಣ್ಣ ಸ್ವರದ್ದು ಬೇಗಬೇಗ. ಕೆಪಾಸಿಟರ್ ನಿಧಾನದ್ದನ್ನು ತಡೆದು ಬೇಗದ್ದನ್ನು ಬಿಡುತ್ತದೆ. ನಮ್ಮ 4 ಓಮ್ ಸ್ಪೀಕರಿನಲ್ಲಿ ಸುಮಾರು 180 ಹರ್ಟ್ಸ್‌ಗಿಂತ ಕೆಳಗಿನ ಸ್ವರ ತಗ್ಗುತ್ತಾ ಹೋಗುತ್ತದೆ. ಪುಟ್ಟ ಸ್ಪೀಕರಿಗೆ ಹೊರಲಾಗದ ಭಾರ ಇಳಿಯಿತು.

ಮಕ್ಕಳೇ, ಡಗ್ಗದ ಗುಂಗು ಈಗ ಮೊದಲಿನಷ್ಟಿಲ್ಲ. ಬ್ಯಾಂಕ್ ಗುಮಾಸ್ತನ ಲೆಕ್ಕದಲ್ಲಿ ಅದು ಖರ್ಚು. ಆದರೆ ಮೊನ್ನೆ ಉಡುತಡಿ ಹತ್ತಿರವಾಗುವಾಗ, ಎರಡು ಸಾಲುಗಳ ನಡುವೆ ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಅಜ್ಜ-ಮೊಮ್ಮಗ ಇಬ್ಬರೂ ಇನ್ನೊಮ್ಮೆ ಕೇಳಿದೆವು.